ನೆಲ ನೋಡಿ ಕೋಲು ಕೊಳ್ಳಬೇಕು: ರೋಲರ್ ಹಾಕಿ ಸಾಮಗ್ರಿಯ ಖರೀದಿಯಲ್ಲಿ ಲೆಕ್ಕ ತಪ್ಪುವುದೆಲ್ಲಿ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತಿರುವುದೇ. ತನ್ನ ಕುಂದನ್ನು ನೆಲದ ಮೇಲೆ ಹೊರಿಸುವವರನ್ನು ಕುರಿತು ಹುಟ್ಟಿದ ಮಾತದು. ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಆಡುವ ರೋಲರ್ ಹಾಕಿಯ ವಿಷಯದಲ್ಲಿ ಮಾತ್ರ ನೆಲದ ಮೇಲಿನ ದೂರಿಗೆ ಕಿವಿಗೊಡಬೇಕಾಗುತ್ತದೆ. ಒಂದೇ ಅಂಗಡಿಯಲ್ಲಿ, ಒಂದೇ ದರಕ್ಕೆ, ಒಂದೇ ದಿನ ಕೊಂಡ ಎರಡು ಮರದ ಕೋಲುಗಳಲ್ಲಿ ನಯವಾದ ನೆಲದ ಮೇಲೆ ಆಡಿದ್ದು ಬಹುಕಾಲ ಬಾಳುತ್ತದೆ. ಒರಟು ಕಾಂಕ್ರೀಟಿನ ಮೇಲೆ ಆಡಿದ್ದು ತುದಿ ಸವೆದು, ಪದರ ಬಿಚ್ಚಿ, ಬಲು ಬೇಗ ಕ್ರೀಡಾ ಕೊಠಡಿಯ ಮೂಲೆ ಸೇರುತ್ತದೆ. ಕೋಲಿನೊಂದಿಗೆ ಆಟವೂ ಅಲ್ಲಿಗೇ ನಿಲ್ಲುತ್ತದೆ.

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ವರ್ತಕರಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ಶಾಲೆಗಳ ಕ್ರೀಡಾ ಸಾಮಗ್ರಿಯ ಪಟ್ಟಿಯಲ್ಲಿ ಕ್ರಿಕೆಟ್ ಬ್ಯಾಟು, ವಾಲಿಬಾಲುಗಳ ಜೊತೆಗೆ ಸ್ಕೇಟುಗಳೂ ಕಾಣಿಸಿಕೊಳ್ಳತೊಡಗಿರುವ ಕಾಲವಿದು. ಸ್ಕೇಟಿಂಗ್ ಕಲಿತ ಮಕ್ಕಳ ಮುಂದಿನ ಹೆಜ್ಜೆ ಹಲವು ಬಾರಿ ಹಾಕಿಯೇ ಆಗಿರುತ್ತದೆ. ಈ ಸಾಮಗ್ರಿಯನ್ನು ಕೊಳ್ಳುವ ಆಡಳಿತ ಮಂಡಳಿಗಳೂ ಮಾರುವ ಅಂಗಡಿಕಾರರೂ ಒಂದು ಪ್ರಶ್ನೆಯನ್ನು ಮಾತ್ರ ಕೇಳಿ ಸುಮ್ಮನಾಗುತ್ತಾರೆ: ಒಂದಕ್ಕೆ ಎಷ್ಟು? ಕೇಳಬೇಕಾದ ಪ್ರಶ್ನೆ ಬೇರೆಯದು: ಯಾವ ನೆಲದ ಮೇಲೆ ಆಡಿಸುತ್ತೀರಿ?

ಎರಡು ಆಟ, ಎರಡು ಕೋಲು

ರೋಲರ್ ಹಾಕಿ ಎಂಬ ಒಂದೇ ಹೆಸರಿನಡಿ ಎರಡು ಆಟಗಳಿವೆ ಎಂಬುದನ್ನು ಮೊದಲು ಗಮನಿಸಬೇಕು. ಮುಂದೆ ಎರಡು, ಹಿಂದೆ ಎರಡು ಚಕ್ರಗಳಿರುವ ಸ್ಕೇಟ್ ಕಟ್ಟಿಕೊಂಡು ಗಟ್ಟಿ ಚೆಂಡಿನಿಂದ ಆಡುವುದು ಹಳೆಯ ಪದ್ಧತಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ ಕಾಣಿಸಿಕೊಂಡು, ಅರ್ಜೆಂಟೀನಾ ಗೆದ್ದ ಆಟ ಇದೇ. ಇದರ ಚೆಂಡಿನ ತೂಕ 155 ಗ್ರಾಂ, ಸುತ್ತಳತೆ 23 ಸೆಂಟಿಮೀಟರ್. ಕೋಲಿನ ಉದ್ದ 90ರಿಂದ 115 ಸೆಂಟಿಮೀಟರ್ ಒಳಗಿರಬೇಕು, ತೂಕ 500 ಗ್ರಾಂ ಮೀರಬಾರದು, ಮತ್ತು ಇಡೀ ಕೋಲು 5 ಸೆಂಟಿಮೀಟರ್ ವ್ಯಾಸದ ಬಳೆಯೊಳಗೆ ತೂರಿ ಬರಬೇಕು. ಮೈದಾನದ ಹಾಕಿಯಲ್ಲಿ ಕೋಲಿನ ಒಂದು ಮಗ್ಗುಲಿನಿಂದ ಮಾತ್ರ ಚೆಂಡನ್ನು ಹೊಡೆಯಬಹುದು. ಇಲ್ಲಿ ಎರಡೂ ಮಗ್ಗುಲು ಬಳಕೆಗೆ ಬರುತ್ತವೆ.

ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್ ಕಟ್ಟಿಕೊಂಡು ಆಡುವುದು ಇನ್‌ಲೈನ್ ಹಾಕಿ. ಇದು ಐಸ್ ಹಾಕಿಯ ಮನೆತನಕ್ಕೆ ಸೇರಿದ್ದು. ಚೆಂಡಿನ ಬದಲು ಚಪ್ಪಟೆಯಾದ ಪಕ್, ಉದ್ದನೆಯ ಕೋಲು, ತುದಿಯಲ್ಲಿ ಅಗಲವಾದ ಬ್ಲೇಡ್. ಈ ಕೋಲುಗಳಲ್ಲಿ ಅಖಂಡವಾದವೂ ಇವೆ, ಕಾವು ಮತ್ತು ಬ್ಲೇಡ್ ಬೇರೆಬೇರೆಯಾಗಿ ದೊರೆಯುವವೂ ಇವೆ. ಕೊಡಲಿ ಉಳಿದು ಕಾವು ಮುರಿದರೆ ರೈತ ಹೊಸ ಕಾವು ಹಾಕಿಸುವಂತೆ, ಇಲ್ಲಿ ಬ್ಲೇಡ್ ಸವೆದರೆ ಬ್ಲೇಡನ್ನಷ್ಟೇ ಬದಲಿಸಬಹುದು. ಈ ಅನುಕೂಲದ ಬೆಲೆ ಎಷ್ಟೆಂಬುದು ಮುಂದಿನ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ.

ಆರ್ಡರ್ ಬರೆಯುವಾಗ ಕೇವಲ ‘ಹಾಕಿ ಸ್ಟಿಕ್, 20’ ಎಂದು ಬರೆದರೆ ಮೈದಾನದ ಹಾಕಿಯ ಕೋಲುಗಳೇ ಬಂದಿಳಿಯುವ ಸಂಭವವುಂಟು. ಅವುಗಳಿಂದ ಸ್ಕೇಟ್ ಮೇಲೆ ನಿಂತು ಆಡುವುದು ಸುಲಭವಲ್ಲ, ನಿಯಮಕ್ಕೂ ಹೊಂದುವುದಿಲ್ಲ. ಆದ್ದರಿಂದ ಆಟದ ಹೆಸರನ್ನು ಪೂರ್ತಿಯಾಗಿ ಬರೆಯುವುದೇ ಖರೀದಿಯ ಮೊದಲ ಶಿಸ್ತು.

ಈ ಭಾಗದ ನೆಲಗಳು

ಎರೆ ಹೊಲದ ಕುಂಟೆಯನ್ನೇ ಮಸಾರಿ ಹೊಲದಲ್ಲಿ ಹೂಡಿದರೆ ಕೆಲಸ ಕೆಡುತ್ತದೆ ಎಂಬುದನ್ನು ಬೀದರ್ ಜಿಲ್ಲೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಪ್ಪು ಮಣ್ಣು ಮತ್ತು ಕೆಂಪು ಜಂಬಿಟ್ಟಿಗೆಯ ಮಣ್ಣು ಎರಡನ್ನೂ ಕಂಡ ನೆಲವಿದು. ಅದೇ ವಿವೇಕ ಆಟದ ಅಂಗಳಕ್ಕೂ ಅನ್ವಯಿಸಬೇಕು.

ಸ್ಪೇನ್, ಪೋರ್ಚುಗಲ್, ಇಟಲಿಯಂಥ ದೇಶಗಳಲ್ಲಿ ಈ ಆಟ ಬೆಳೆದದ್ದು ಮರದ ಹಲಗೆಯ ಅಥವಾ ಹೊಳಪು ಕೊಟ್ಟ ಕಾಂಕ್ರೀಟಿನ ರಿಂಕುಗಳಲ್ಲಿ. ತಾಲ್ಲೂಕು ಕೇಂದ್ರದ ಶಾಲೆಯೊಂದಕ್ಕೆ ಕೈಗೆಟುಕುವ ನೆಲಗಳು ಬೇರೆಯವು. ಮೊದಲನೆಯದು ಫರಸಿ, ಅಂದರೆ ಶಹಾಬಾದ್ ಕಲ್ಲಿನ ಹಾಸು. ಕಲಬುರಗಿ ಜಿಲ್ಲೆಯ ಶಹಾಬಾದ್ ಸುತ್ತಿನ ಗಣಿಗಳಿಂದ ಬರುವ ಈ ಸುಣ್ಣಕಲ್ಲಿನ ಚಪ್ಪಡಿ ಪಡಸಾಲೆಗಳಲ್ಲೂ ಪ್ರಾರ್ಥನಾ ಅಂಗಳಗಳಲ್ಲೂ ಸಾಮಾನ್ಯ. ಪಾಲಿಶ್ ಆದ ಫರಸಿ ನಯವಾಗಿದ್ದು ಕೋಲನ್ನು ಹೆಚ್ಚು ಸವೆಸುವುದಿಲ್ಲ. ಅದರ ಶತ್ರು ಸಂದು. ಎರಡು ಕಲ್ಲುಗಳ ನಡುವೆ ಏರುಪೇರಿದ್ದರೆ ಓಡುವ ವೇಗದಲ್ಲಿ ಬ್ಲೇಡಿನ ತುದಿ ತಗುಲಿ ಸಿಡಿಯುತ್ತದೆ, ಮಗುವಿನ ಮಣಿಕಟ್ಟಿಗೂ ಪೆಟ್ಟು ಬೀಳುತ್ತದೆ.

ಎರಡನೆಯದು ಸಿಮೆಂಟ್ ಕಾಂಕ್ರೀಟಿನ ಅಂಗಳ. ಜಾರಬಾರದೆಂದು ಪೊರಕೆಯಿಂದ ಗೀರು ಹಾಕಿ ಬಿಟ್ಟ ಕಾಂಕ್ರೀಟು ಕೋಲಿಗೆ ಮರಳುಕಾಗದವಿದ್ದಂತೆ. ಅದೇ ಕಾಂಕ್ರೀಟನ್ನು ಯಂತ್ರದಿಂದ ಉಜ್ಜಿ ನುಣುಪು ಮಾಡಿಸಿದರೆ ಅದು ಮತ್ತೊಂದು ನೆಲವೇ ಆಗುತ್ತದೆ. ಮೂರನೆಯದು ಡಾಂಬರು. ಮೇಲಕ್ಕೆ ಎದ್ದ ಜಲ್ಲಿಯ ಚೂಪು ಬ್ಲೇಡನ್ನು ಎಲ್ಲಕ್ಕಿಂತ ಬೇಗ ತಿನ್ನುತ್ತದೆ. ಬಿಸಿಲಿಗೆ ತೆರೆದ ಡಾಂಬರು ಬೇಸಿಗೆಯ ಮಧ್ಯಾಹ್ನ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆ ಕಾವಿಗೆ ಪ್ಲಾಸ್ಟಿಕ್ ಬ್ಲೇಡೂ ಮೆದುವಾಗುತ್ತದೆ. ನಾಲ್ಕನೆಯದು ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಟೈಲ್ಸ್. ಕೋಲಿಗೆ ಇದು ಸೌಮ್ಯವಾದ ನೆಲವಾದರೂ ಬಿಸಿಲಿಗೆ ಹಿಗ್ಗುತ್ತದೆ. ಅಂಚಿನಲ್ಲಿ ಜಾಗ ಬಿಡದೆ ಹಾಕಿದರೆ ನಡುವೆ ಉಬ್ಬುತ್ತದೆ.

ಮರದಿಂದ ಕಾರ್ಬನ್‌ವರೆಗೆ

ಮರದ ಕೋಲು ಎಂದರೆ ಅಗ್ಗದ ಮಾಲು ಎಂಬ ಭಾವನೆ ಅಂಗಡಿಗಳಲ್ಲಿ ಬೇರೂರಿದೆ. ಇದು ಅರ್ಧ ಸತ್ಯ. ಚೆಂಡಿನ ರೋಲರ್ ಹಾಕಿಯಲ್ಲಿ ಬೀಚ್, ಆ್ಯಶ್‌ನಂಥ ಮರಗಳ ಪದರಗಳನ್ನು ಅಂಟಿಸಿ ಬಗ್ಗಿಸಿದ ಕೋಲುಗಳಿಗೆ ಇಂದಿಗೂ ಗೌರವದ ಸ್ಥಾನವಿದೆ. ಮರ ಪೆಟ್ಟಿನ ಕಂಪನವನ್ನು ಹೀರಿಕೊಳ್ಳುತ್ತದೆ, ಚೆಂಡು ಕೈಗೆ ತಿಳಿಯುವಂತೆ ಮಾಡುತ್ತದೆ, ಮುರಿಯುವ ಮೊದಲು ಸಾಮಾನ್ಯವಾಗಿ ಬಿರುಕಿನ ಸೂಚನೆ ಕೊಡುತ್ತದೆ. ಅದರ ದೌರ್ಬಲ್ಯಗಳು ಎರಡು: ಒರಟು ನೆಲದ ಮೇಲೆ ನಾರು ಬಿಚ್ಚಿಕೊಳ್ಳುವುದು ಮತ್ತು ನೀರು ಕುಡಿಯುವುದು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಒಣಗುವ ಮರದಲ್ಲಿ ಅಂಟು ಬಿಡುತ್ತದೆ. ಬೀದರಿನಂಥ ಒಣಹವೆಯ ಜಿಲ್ಲೆಯಲ್ಲಿ ತಗಡಿನ ಚಾವಣಿಯ ಕೊಠಡಿಯೊಳಗೆ ವರ್ಷವಿಡೀ ಇಟ್ಟ ಕೋಲು ಆಡದೆಯೂ ಕೆಡಬಹುದು.

ಅಲ್ಯೂಮಿನಿಯಂ ಕಾವು ಹಗುರ, ತೇವಕ್ಕೆ ಅಂಜುವುದಿಲ್ಲ. ಆದರೆ ಪೆಟ್ಟು ತಿಂದರೆ ತಗ್ಗು ಬೀಳುತ್ತದೆ, ಒಮ್ಮೆ ಬಾಗಿದರೆ ಬಾಗಿಯೇ ಉಳಿಯುತ್ತದೆ. ಗಾಜಿನ ನಾರಿನ ಫೈಬರ್ ಕಾರ್ಬನ್‌ಗಿಂತ ಭಾರ. ಆದರೆ ಒರಟು ಬಳಕೆಯನ್ನು ಸಹಿಸಿಕೊಳ್ಳುತ್ತದೆ. ಇನ್‌ಲೈನ್ ಹಾಕಿಯಲ್ಲಿ ಕಾಂಕ್ರೀಟು, ಡಾಂಬರುಗಳಿಗೆ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬ್ಲೇಡ್ ಹೆಚ್ಚು ಬಾಳಿಕೆಯದು. ಅದು ಮರದಂತೆ ಸೀಳುವುದಿಲ್ಲ, ನಿಧಾನವಾಗಿ ಸವೆಯುತ್ತದೆ. ಬಿಸಿಲಿನ ಹೊತ್ತಿನಲ್ಲಿ ಮೆದುವಾಗುವುದರಿಂದ ಬೆಳಿಗ್ಗೆ ಅಥವಾ ಸಂಜೆ ಆಡಿಸುವುದೇ ಅದಕ್ಕೆ ಮದ್ದು.

ಕಾರ್ಬನ್ ಕೋಲು ಎಲ್ಲರ ಕಣ್ಣು ಸೆಳೆಯುವಂಥದ್ದು. ಹಗುರ, ಬಿಗುವು, ಹೊಡೆತದಲ್ಲಿ ವೇಗ. ಆದರೆ ಒರಟು ನೆಲದಲ್ಲಿ ಅಂಚಿಗೆ ಬಿದ್ದ ಸಣ್ಣ ಗಾಯವೂ ಒಳಗೊಳಗೆ ಹರಡಿ, ಮುನ್ಸೂಚನೆಯಿಲ್ಲದೆ ಕೋಲು ಮುರಿಯಬಹುದು. ಮುರಿದ ಬಾಯಿಯ ಸೂಜಿಯಂಥ ಎಳೆಗಳು ಕೈಗೆ ನಾಟುತ್ತವೆ. ಮಕ್ಕಳ ವಿಷಯದಲ್ಲಿ ಮತ್ತೊಂದು ತೊಡಕಿದೆ. ಇನ್‌ಲೈನ್ ಕೋಲಿನ ಕಾವಿನ ಮೇಲೆ ಬಾಗುವಿಕೆಯ ಸಂಖ್ಯೆಯೊಂದು ಅಚ್ಚಾಗಿರುತ್ತದೆ. ಕೋಲನ್ನು ಒಂದು ಅಂಗುಲ ಬಾಗಿಸಲು ಎಷ್ಟು ಪೌಂಡ್ ಬಲ ಬೇಕೆಂಬುದರ ಸೂಚನೆ ಅದು. ಪೌಂಡ್ ಲೆಕ್ಕದಲ್ಲಿ ಆಟಗಾರನ ತೂಕದ ಸುಮಾರು ಅರ್ಧದಷ್ಟು ಸಂಖ್ಯೆ ಹೊಂದುತ್ತದೆ ಎಂಬುದು ರೂಢಿಯ ಅಳತೆ. 30 ಕಿಲೋ, ಅಂದರೆ ಸುಮಾರು 66 ಪೌಂಡ್ ತೂಗುವ ಮಗುವಿಗೆ 33ರ ಆಸುಪಾಸಿನ ಕೋಲು ಸಾಕು. ವಯಸ್ಕರ 85ರ ಕೋಲನ್ನು ಕೊಯ್ದು ಗಿಡ್ಡ ಮಾಡಿ ಕೊಟ್ಟರೆ ಅದು ಇನ್ನಷ್ಟು ಬಿಗುವಾಗುತ್ತದೆ. ಮಗು ಅದನ್ನು ಬಾಗಿಸಲಾರದು. ಹೊಡೆತದ ಭಾರವನ್ನೆಲ್ಲ ಅದರ ಮಣಿಕಟ್ಟು ಹೊರಬೇಕಾಗುತ್ತದೆ. ದುಬಾರಿಯಾದದ್ದೆಲ್ಲ ಉತ್ತಮವೆಂಬ ನಂಬಿಕೆ ಅಗ್ಗವಾದದ್ದೆಲ್ಲ ಲಾಭವೆಂಬ ನಂಬಿಕೆಯಷ್ಟೇ ತಪ್ಪು.

ನೆಲ ಬದಲಾದಾಗ ಏನಾಯಿತು

ನೆಲವೊಂದು ಬದಲಾದರೆ ಇಡೀ ಉದ್ಯಮವೇ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಮೈದಾನದ ಹಾಕಿಯೇ ಸಾಕ್ಷಿ. 1975ರಲ್ಲಿ ಕ್ವಾಲಾಲಂಪುರದಲ್ಲಿ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಅವರಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ಭಾರತ ಏಳನೆಯ ಸ್ಥಾನಕ್ಕಿಳಿಯಿತು. ಸೋಲಿಗೆ ಕಾರಣಗಳು ಹಲವಿರಬಹುದು, ಆದರೆ ನೆಲದ ಪಾಲನ್ನು ಯಾರೂ ಅಲ್ಲಗಳೆಯಲಾರರು.

ಕೋಲು ತಯಾರಕರ ಪಾಲಿಗೂ ಅದು ತಿರುವಾಯಿತು. ದೇಶ ವಿಭಜನೆಯ ಸಂದರ್ಭದಲ್ಲಿ ಸಿಯಾಲ್‌ಕೋಟ್‌ನಿಂದ ಬಂದ ಕುಶಲಕರ್ಮಿಗಳು ಜಲಂಧರ್ ಮತ್ತು ಮೀರತ್‌ಗಳಲ್ಲಿ ನೆಲೆಯೂರಿ ಹಿಪ್ಪುನೇರಳೆ ಮರದ ಕೋಲುಗಳಿಗೆ ಹೆಸರಾದರು. ಕರ್ನಾಟಕಕ್ಕೆ ಹಿಪ್ಪುನೇರಳೆ ಎಂದರೆ ರೇಷ್ಮೆಹುಳುವಿನ ಸೊಪ್ಪು. ಪೊದೆಯಾಗಿ ಕತ್ತರಿಸುತ್ತಲೇ ಇರುವ ಗಿಡದಿಂದ ಮರಮುಟ್ಟು ಸಿಗದು. ಉತ್ತರದಲ್ಲಿ ಅದೇ ಗಿಡ ಮರವಾಗಿ ಬೆಳೆದು ಕೋಲಾಯಿತು. ಕೃತಕ ಹಾಸು ಬಂದ ಮೇಲೆ ನೀರು ಚಿಮುಕಿಸಿದ ನೆಲದಲ್ಲಿ ತೇವ ಹೀರದ ಫೈಬರ್ ಮತ್ತು ಕಾರ್ಬನ್ ಕೋಲುಗಳು ಮುಂದಾದವು, ಹಿಪ್ಪುನೇರಳೆ ಹಿಂದೆ ಸರಿಯಿತು.

ಆದರೂ ಮಣ್ಣಿನ ನೆಲ ಎಲ್ಲಿಗೂ ಹೋಗಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳ ತಂಡಗಳು ಬಂದಿದ್ದವು. ಬೆಂಗಳೂರಿನಲ್ಲಿ ಟರ್ಫ್ ಮೇಲೆ ಆಡುವವನು ಊರ ಮೈದಾನಕ್ಕೆ ತನ್ನ ದುಬಾರಿ ಕೋಲನ್ನು ಇಳಿಸಲು ಹಿಂಜರಿಯುವುದು ಸಹಜ. ಕಲ್ಲುಹರಳಿನ ಮೇಲೆ ಪುಟಿದ ಚೆಂಡು ಅಂಚಿಗೆ ಬಡಿದರೆ ಕೋಲು ಉಳಿಯದು. ಹಾಕಿಯ ತವರಿನಲ್ಲಿ ರೂಢಿಯಿಂದ ಬಂದ ಈ ತಿಳಿವಳಿಕೆಯನ್ನು ಹೊಸದಾಗಿ ಆಟ ಆರಂಭಿಸುವ ಊರುಗಳು ಲೆಕ್ಕದಿಂದ ಗಳಿಸಬೇಕಾಗಿದೆ.

ತಿಂಗಳ ಲೆಕ್ಕ

ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಸೊಲ್ಲಾಪುರಕ್ಕೂ ಹೈದರಾಬಾದಿಗೂ ಓಡಿಸುವ ಲಾರಿ ಮಾಲಿಕ ಟೈರಿನ ಬೆಲೆಯನ್ನು ರೂಪಾಯಿಯಲ್ಲಿ ಮಾತ್ರ ನೋಡುವುದಿಲ್ಲ. ಅದು ಎಷ್ಟು ಕಿಲೋಮೀಟರ್ ಓಡಿತು, ರಬ್ಬರ್ ಹಾಕಿಸಿದ ಮೇಲೆ ಮತ್ತೆ ಎಷ್ಟು ಓಡಿತು ಎಂದು ಭಾಗಿಸಿ ನೋಡುತ್ತಾನೆ. ಹಾಕಿ ಕೋಲಿಗೂ ಇದೇ ಲೆಕ್ಕ.

ಇನ್‌ಲೈನ್ ಹಾಕಿಗೆ 600 ರೂಪಾಯಿಯ ಅಖಂಡ ಮರದ ಕೋಲು ಒಂದು ಕಡೆ, ಬ್ಲೇಡ್ ಬದಲಿಸಬಹುದಾದ 1,500 ರೂಪಾಯಿಯ ಫೈಬರ್ ಕೋಲು ಇನ್ನೊಂದು ಕಡೆ ಇವೆಯೆಂದು ಭಾವಿಸಬಹುದು. ಬದಲಿ ಬ್ಲೇಡಿಗೆ 400 ರೂಪಾಯಿ. ಶಾಲೆಯ ವರ್ಷ 10 ತಿಂಗಳು. ಫೈಬರ್ ಕಾವಿನ ಬಾಳಿಕೆ ಎರಡು ವರ್ಷ. ಇವು ಲೆಕ್ಕದ ರೀತಿ ತಿಳಿಸಲು ಇಟ್ಟುಕೊಂಡ ಅಂಕಿಗಳು. ಆಯಾ ಅಂಗಡಿಯ ದರ, ಆಯಾ ಅಂಗಳದ ಅನುಭವ ಹಾಕಿ ನೋಡಿಕೊಳ್ಳಬಹುದು.

ಒರಟು ಕಾಂಕ್ರೀಟಿನ ಮೇಲೆ ಮರದ ಕೋಲು ಎರಡು ತಿಂಗಳು, ಪ್ಲಾಸ್ಟಿಕ್ ಬ್ಲೇಡ್ ಐದು ತಿಂಗಳು ಬಂದರೆ, ಎರಡು ವರ್ಷಕ್ಕೆ ಒಂದು ಮಗುವಿಗೆ 10 ಮರದ ಕೋಲು ಬೇಕು: 6,000 ರೂಪಾಯಿ, ತಿಂಗಳಿಗೆ 300. ಫೈಬರ್ ಕೋಲಿಗೆ 1,500 ಮತ್ತು ಮೂರು ಬದಲಿ ಬ್ಲೇಡಿಗೆ 1,200, ಒಟ್ಟು 2,700, ತಿಂಗಳಿಗೆ 135. ಅಂಗಡಿಯಲ್ಲಿ ಎರಡೂವರೆ ಪಟ್ಟು ದುಬಾರಿಯೆನಿಸಿದ ಕೋಲು ಅಂಗಳದಲ್ಲಿ ಅರ್ಧಕ್ಕಿಂತ ಅಗ್ಗವಾಯಿತು.

ನೆಲ ನಯವಾಗಿದ್ದರೆ ಚಿತ್ರ ತಿರುಗಿಬೀಳುತ್ತದೆ. ಅಲ್ಲಿ ಮರದ ಕೋಲೂ ಪ್ಲಾಸ್ಟಿಕ್ ಬ್ಲೇಡೂ ತಲಾ 10 ತಿಂಗಳು ಬಂದರೆ ಮರಕ್ಕೆ ತಿಂಗಳಿಗೆ 60 ರೂಪಾಯಿ, ಫೈಬರಿಗೆ 95. ಅಂದರೆ ಒಂದೇ ಎರಡು ಕೋಲುಗಳಲ್ಲಿ ಯಾವುದು ಮಿತವ್ಯಯ ಎಂಬುದನ್ನು ನಿರ್ಣಯಿಸಿದ್ದು ನೆಲ.

ಈ ಲೆಕ್ಕದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಮರದ ಕೋಲಿನ ಮಟ್ಟಿಗೆ ಒರಟು ನೆಲಕ್ಕೂ ನಯ ನೆಲಕ್ಕೂ ಇರುವ ಅಂತರ ಒಂದು ಮಗುವಿಗೆ ತಿಂಗಳಿಗೆ 240 ರೂಪಾಯಿ. 20 ಮಕ್ಕಳಿಗೆ 10 ತಿಂಗಳಿಗೆ 48,000. ಪ್ರತಿ ವರ್ಷ ಕೋಲಿನ ರೂಪದಲ್ಲಿ ಸವೆದುಹೋಗುವ ಈ ಹಣದಿಂದ ಅಂಗಳವನ್ನೇ ಉಜ್ಜಿಸಿ, ಸಂದು ತುಂಬಿಸಿಕೊಳ್ಳುವುದು ಲೇಸೇ ಎಂದು ಆಡಳಿತ ಮಂಡಳಿಗಳು ಗುತ್ತಿಗೆದಾರರಿಂದ ದರ ತರಿಸಿ ನೋಡಬೇಕು. ನೆಲಕ್ಕೆ ಹಾಕಿದ ಹಣ ಎಲ್ಲ ಮಕ್ಕಳಿಗೂ ಉಳಿಯುತ್ತದೆ.

ತೆರಿಗೆ ಮತ್ತು ಟೆಂಡರು

ಕ್ರೀಡಾ ಸಾಮಗ್ರಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿದೆ. ಸಾಮಾನ್ಯ ವ್ಯಾಯಾಮದ ಉಪಕರಣಗಳು ಈ ಇಳಿಕೆಗೆ ಸೇರಿಲ್ಲ. ಶಾಲೆಗಳು ವಿದ್ಯಾರ್ಥಿಗಳಿಗೆ ನೀಡುವ ಸೇವೆ ತೆರಿಗೆಮುಕ್ತವಾದ್ದರಿಂದ ಅವುಗಳಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಕಟ್ಟಿದ ತೆರಿಗೆಯೆಲ್ಲ ವೆಚ್ಚವೇ. ಆದ್ದರಿಂದ ಇಳಿಕೆ ಸ್ವಾಗತಾರ್ಹ. ಆದರೆ 1,500 ರೂಪಾಯಿಯ ಕೋಲಿನ ಮೇಲೆ ಇದರಿಂದ ಉಳಿಯುವುದು 105 ರೂಪಾಯಿ. ನೆಲಕ್ಕೆ ಹೊಂದದ ಕೋಲು ಕೊಂಡರೆ ಅಷ್ಟು ಹಣ ಒಂದು ತಿಂಗಳೊಳಗೆ ಸವೆದುಹೋಗುತ್ತದೆ.

ಸಾರ್ವಜನಿಕ ಹಣದ ಖರೀದಿಯಲ್ಲಿ ಒಂದು ಆಕ್ಷೇಪ ಸದಾ ಕೇಳಿಬರುತ್ತದೆ. ಕಡಿಮೆ ದರ ಹೇಳಿದವರನ್ನು ಬಿಟ್ಟರೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಹೇಳುವವರು ಯಾರು? ಈ ಅಂಜಿಕೆ ನಿರಾಧಾರವೇನಲ್ಲ. ಆದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಉದ್ದೇಶ ಕಳಪೆ ಮಾಲನ್ನು ಕೊಳ್ಳಿಸುವುದಲ್ಲ. ಬೇಕಾದ ಗುಣವನ್ನು ಟೆಂಡರ್ ಕರೆಯುವ ಮೊದಲೇ ಬರೆದಿಟ್ಟರೆ, ಆ ಗುಣವುಳ್ಳ ಮಾಲಿನಲ್ಲಿ ಕಡಿಮೆ ದರದ್ದನ್ನು ಧೈರ್ಯವಾಗಿ ಒಪ್ಪಬಹುದು. ಬರೆಯದ ಗುಣವನ್ನು ಮಾಲು ಬಂದ ಮೇಲೆ ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ. ಆಟದ ಹೆಸರು, ಅಂಗಳದ ನೆಲ, ಮಕ್ಕಳ ವಯಸ್ಸು ಮತ್ತು ಎತ್ತರ, ಕಾವಿನ ಸಾಮಗ್ರಿ ಮತ್ತು ಬಾಗುವಿಕೆಯ ಸಂಖ್ಯೆ, ಬ್ಲೇಡಿನ ಸಾಮಗ್ರಿ, ಬದಲಿ ಬ್ಲೇಡುಗಳ ದರ: ಈ ಆರು ಅಂಶಗಳು ಅರ್ಧ ಪುಟದಲ್ಲಿ ಮುಗಿಯುತ್ತವೆ.

ಕಲಿಯುವ ಮಕ್ಕಳಿಗೆ ಇಷ್ಟೆಲ್ಲ ಏಕೆ, ಮೊದಲು ಅಗ್ಗದ್ದು ಕೊಟ್ಟು ನೋಡೋಣ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ; ನಯವಾದ ನೆಲವಿದ್ದರೆ ಮರದ ಕೋಲೇ ಕಲಿಕೆಗೆ ತಕ್ಕದ್ದು. ಒರಟು ನೆಲದಲ್ಲಿ ಮಾತ್ರ ಮಾತು ಬೇರೆ. ವರ್ಷದ ಅನುದಾನದಲ್ಲಿ ಕೋಲು ಕೊಳ್ಳುವುದು ಒಮ್ಮೆ. ಅದು ಅಕ್ಟೋಬರ್ ಹೊತ್ತಿಗೆ ಸವೆದರೆ ಮುಂದಿನ ಜೂನ್‌ವರೆಗೆ ಮಕ್ಕಳು ಕೈಕಟ್ಟಿ ಕೂರಬೇಕು. ಸ್ವಂತ ಕೋಲು ಕೊಳ್ಳಬಲ್ಲ ಮನೆಯ ಮಗು ಆಟ ಮುಂದುವರಿಸುತ್ತದೆ, ಉಳಿದವರು ಬಿಡುತ್ತಾರೆ. ಖರೀದಿಯ ತಪ್ಪಿಗೆ ತೆರುವ ನಿಜವಾದ ಬೆಲೆ ಇದು, ಮತ್ತು ಇದು ಯಾವ ಖಾತೆಯಲ್ಲೂ ನಮೂದಾಗುವುದಿಲ್ಲ.

ವರ್ತಕರ ಪಾತ್ರ

ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಪೆಟ್ಟಿಗೆ ತರಿಸಿ, ಪೆಟ್ಟಿಗೆಯನ್ನೇ ದಾಟಿಸುವ ವ್ಯಾಪಾರದಲ್ಲಿ ಸ್ಥಳೀಯ ಅಂಗಡಿಗೆ ಇಂದು ಹೆಚ್ಚಿನ ಲಾಭವಿಲ್ಲ. ಆನ್‌ಲೈನ್ ದರದೊಂದಿಗೆ ಅದು ಪೈಪೋಟಿ ನಡೆಸಲಾರದು. ಸ್ಥಳೀಯ ವರ್ತಕನ ಬಲವಿರುವುದು ಅಂಗಳವನ್ನು ಕಣ್ಣಾರೆ ಕಂಡು ಸಲಹೆ ಕೊಡುವುದರಲ್ಲಿ ಮತ್ತು ಮಾರಿದ ನಂತರದ ಸೇವೆಯಲ್ಲಿ. ಬದಲಿ ಬ್ಲೇಡು, ಬ್ಲೇಡಿಗೆ ಸುತ್ತುವ ಟೇಪು, ಹಿಡಿಯ ಪಟ್ಟಿಗಳನ್ನು ದಾಸ್ತಾನಿನಲ್ಲಿಟ್ಟವನ ಬಳಿಗೆ ಶಾಲೆ ವರ್ಷಕ್ಕೆ ಹಲವು ಬಾರಿ ಬರುತ್ತದೆ.

ರಿಪೇರಿಯೂ ಒಂದು ಕಸುಬೇ. ಸವೆಯತೊಡಗಿದ ಮರದ ತುದಿಗೆ ಗಾಜಿನ ನಾರಿನ ಬಟ್ಟೆ ಸುತ್ತಿ ಎಪಾಕ್ಸಿ ಅಂಟು ಹಚ್ಚಿದರೆ ಕೋಲಿನ ಆಯುಸ್ಸು ಹೆಚ್ಚುತ್ತದೆ. ವಾಹನಗಳ ಕ್ಯಾಬಿನ್ನಿಗೆ ಫೈಬರ್ ಕೆಲಸ ಮಾಡುವವರಿಗೆ ಈ ವಿದ್ಯೆ ಹೊಸದಲ್ಲ. ಉಜ್ಜುವಾಗ ಮೂಗು ಬಾಯಿಗೆ ಮುಖವಾಡ ಕಡ್ಡಾಯ. ಈ ನಾರಿನ ಧೂಳು ಶ್ವಾಸಕ್ಕೆ ಕೆಟ್ಟದ್ದು. ಕೊಡಲಿ, ಗುದ್ದಲಿಗಳಿಗೆ ಜಾಲಿಯ ಕಾವು ಹಾಕುವ ಬಡಿಗರು ಅಭ್ಯಾಸದ ಕೋಲುಗಳನ್ನೂ ಮಾಡಿ ನೋಡಬಹುದು. ಜಾಲಿ ಗಟ್ಟಿಯಾದರೂ ಭಾರ. 500 ಗ್ರಾಂ ಮಿತಿಯನ್ನು ತಕ್ಕಡಿಯಲ್ಲಿಟ್ಟು ಪರೀಕ್ಷಿಸಿಯೇ ಕೊಡಬೇಕು. ರಿಪೇರಿಯಾದ ಕೋಲು ಪಂದ್ಯಕ್ಕೆ ಹೋಗುವುದಾದರೆ 5 ಸೆಂಟಿಮೀಟರಿನ ಬಳೆಯಲ್ಲೂ ತೂರಬೇಕು. ಕಬ್ಬಿಣದ ಸರಳಿನಿಂದ ಮಾಡಿಸಿದ ಅಂಥ ಬಳೆಯೊಂದನ್ನು ಅಂಗಡಿಯ ಮುಂದೆ ತೂಗುಹಾಕಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇರೊಂದಿಲ್ಲ.

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಗಳು ಒಂದು ಕೆಲಸ ಮಾಡಬಹುದು. ಜೂನ್‌ಗೆ ಮುನ್ನ ಶಾಲಾ ಆಡಳಿತ ಮಂಡಳಿಗಳು, ದೈಹಿಕ ಶಿಕ್ಷಕರು ಮತ್ತು ಕ್ರೀಡಾ ಸಾಮಗ್ರಿ ವರ್ತಕರನ್ನು ಒಂದೆಡೆ ಸೇರಿಸಿ, ನೆಲಕ್ಕೆ ತಕ್ಕ ಸಾಮಗ್ರಿಯ ಮಾದರಿ ವಿವರಪಟ್ಟಿಯೊಂದನ್ನು ಸಿದ್ಧಪಡಿಸಿಕೊಟ್ಟರೆ ಸಾಕು. ಪ್ರತಿ ಶಾಲೆಯೂ ತನ್ನ ಕೋಲು ಯಾವ ದಿನ ಬಳಕೆಗೆ ಬಂತು, ಯಾವ ದಿನ ಕೆಟ್ಟಿತು ಎಂದು ಎರಡು ಕಲಮುಗಳ ವಹಿ ಇಟ್ಟರೆ ಮುಂದಿನ ವರ್ಷದ ಖರೀದಿಗೆ ಊಹೆ ಬೇಕಾಗುವುದಿಲ್ಲ.

ಕಾಯಕಕ್ಕೆ ಘನತೆ ತಂದುಕೊಟ್ಟ ಕಲ್ಯಾಣದ ನೆಲದಲ್ಲಿ ಹಗ್ಗ ಹೊಸೆಯುವವರಿಗೆ ನಾರಿನ ಗುಣವೂ ಬುಟ್ಟಿ ಹೆಣೆಯುವವರಿಗೆ ಬಿದಿರಿನ ಗುಣವೂ ಗೊತ್ತಿತ್ತು. ಸಾಮಗ್ರಿಯನ್ನು ಅರಿತು ಬಳಸುವ ಆ ಪದ್ಧತಿ ಇಂದಿನ ಖರೀದಿ ಸಮಿತಿಗಳಿಗೂ ಸಲ್ಲುತ್ತದೆ. ಮುಂದಿನ ಬಾರಿ ದರಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಳ್ಳುವ ಮೊದಲು ಸಮಿತಿಯ ಸದಸ್ಯರು ಒಮ್ಮೆ ಅಂಗಳಕ್ಕಿಳಿದು, ನೆಲದ ಮೇಲೆ ಅಂಗೈಯಾಡಿಸಿ ನೋಡಲಿ. ಕೋಲಿನ ಅರ್ಧ ಆಯ್ಕೆ ಅಲ್ಲಿಯೇ ಮುಗಿದಿರುತ್ತದೆ.